ಹತ್ತಿರವಾಗುತ್ತಿದ್ದ ಫೋಕಸ್

2011ರ ಏಪ್ರಿಲ್ 17, ಭಾನುವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಹಿಂದಿನ ದಿನ ಕೊಂಡ ಸೆಕೆಂಡ್ ಹ್ಯಾಂಡ್ ಟೆಲಿ ಜೂಮ್ ಲೆನ್ಸನ್ನು ಬಾಗಲಗುಂಟೆಯ ನಮ್ಮ ಮನೆಯ ತಾರಸಿಯಲ್ಲಿ ಪರೀಕ್ಷಿಸುತ್ತಿದ್ದೆ. ಪೀಣ್ಯದ ಕಾರ್ಖಾನೆಯಲ್ಲಿ ಅಳತೆ ತಪಾಸಣೆಯೇ ನನ್ನ ಕೆಲಸ. ಹಾಗಾಗಿ ಟೇಪು ಹಿಡಿದು ಹೆಂಡತಿ ಶೈಲಜಾಳನ್ನು ಸರಿಯಾಗಿ ಎಂಟು ಮೀಟರ್ ದೂರದಲ್ಲಿ ನಿಲ್ಲಿಸಿದ್ದೆ. ಆಟೋಫೋಕಸ್ ಆದಾಗ, ಲೆನ್ಸು ಹಿಡಿದ ವಸ್ತು ಎಷ್ಟು ದೂರದಲ್ಲಿದೆ ಎಂದು ಹೇಳುವ ಅದರ ಮೇಲಿನ ಮಾಪಕ ಐದು ಮೀಟರ್ ತೋರಿಸಿತು. ಫೋಟೋದಲ್ಲಿ ಅವಳು ಮಸುಕಾಗಿದ್ದಳು.

ಸಂಜೆಯೊಳಗೆ ದೋಷ ತೋರಿಸಿದರೆ ಮಾತ್ರ ವಾಪಸ್ ತೆಗೆದುಕೊಳ್ಳುವುದಾಗಿ ಮಾರಿದ ವಿಶ್ವನಾಥ್ ಹೇಳಿದ್ದ. ತಕ್ಷಣ ಫೋನ್ ಮಾಡಿದೆ.

"ಏನ್ರೀ, ಕೆಟ್ಟಿರೋ ಮಾಲು ಕಟ್ಟಿದ್ದೀರಲ್ಲ! ಎದುರಿಗಿರೋ ಹೆಂಡ್ತೀನೇ ಹಿಡೀತಿಲ್ಲ ಇದು."

"ಲೆನ್ಸ್ ಸರಿಯಾಗೇ ಇದೆ ಸಾರ್. ಮಧ್ಯದಲ್ಲಿ ನಿಂತಿರೋರನ್ನ ಪಕ್ಕಕ್ಕೆ ಹೋಗೋಕ್ ಹೇಳಿ."

"ಇಲ್ಲಿ ಯಾರೂ ಇಲ್ಲ ಕಣ್ರೀ!"

"ನಾನೂ ಹಂಗೇ ಅಂದ್ಕೊಂಡಿದ್ದೆ," ಎಂದು ಫೋನಿಟ್ಟ. ಆಮೇಲೆ ಎತ್ತಲೇ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಒಪ್ಪಿಕೊಳ್ಳುವುದು ಬಿಟ್ಟು ತಮಾಷೆ ಮಾಡುತ್ತಾನೆ! ದೋಷ ಸಾಬೀತುಪಡಿಸಲೆಂದೇ ಇನ್ನೊಂದು ಫೋಟೋ ತೆಗೆದೆ. ಮಾಪಕ ನಾಲ್ಕು ಮೀಟರಿಗೆ ಬಂತು. ಮುಂದಿನದಕ್ಕೆ ಮೂರು. ಅಷ್ಟು ಬಿಸಿಲಿನಲ್ಲೂ ಮುಂಭಾಗದ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂತೆ ಮಂಜು ಕಟ್ಟಿತ್ತು. ಒರೆಸಿದರೆ ಮತ್ತೆ ಕಟ್ಟುತ್ತಿತ್ತು.

"ಸಾಕು ಬನ್ರೀ, ನೆತ್ತಿ ಸುಡ್ತಿದೆ," ಎಂದಳು ಶೈಲಜಾ. ನಡುವೆ ಕಂಬಳಿ ಇಳಿಬಿಟ್ಟಂತೆ ಅವಳ ದನಿ ಮಂದವಾಗಿ ಕೇಳಿಸಿತು.

ಹಟಕ್ಕೆ ಬಿದ್ದು ಇನ್ನೊಮ್ಮೆ ಗುಂಡಿ ಒತ್ತಿದೆ. ಲೆನ್ಸಿನ ಮೋಟಾರು ತಿರುಗಿ ನಿಂತಿತು. ಅದು ಹಿಡಿಯಬಲ್ಲ ಅತಿ ಸಮೀಪದ ದೂರವನ್ನೇ ಮಾಪಕ ತೋರಿಸುತ್ತಿತ್ತು: 1.4 ಮೀಟರ್.