ಕನ್ನಡಿ ತಿದ್ದಿದ ಮಸುಕು

ಬೆಳಗಿನ ಆರೂವರೆಗೆ ಇಂಚರಾ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತು, ಅದರ ಕೆಳಗಿನ ಪಟ್ಟಿಯ ಮೇಲೆ ಗದ್ದ ಇಟ್ಟಳು. ಕನ್ನಡಿಯೊಳಗಿಂದ ನೂಲಿನಷ್ಟು ಸಣ್ಣ ಬೆಳಕು ಹೊರಟು ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಇಳಿಯಿತು. ಏಳು ಎಣಿಸುವಷ್ಟರಲ್ಲಿ ಕನ್ನಡಿಯ ಅಂಚು ಹಸಿರಾಗಿ, ಮೂಲೆಯಲ್ಲಿ ಒಂದು ಅಂಕಿ ಮೂಡಿತು.

“ಎಷ್ಟ ಬಂತು?” ಅಡುಗೆಮನೆಯಿಂದ ತಾಯಿ ದಾಕ್ಷಾಯಿಣಿ ಕೇಳಿದಳು.

“ಒಂದು ಪಾಯಿಂಟ್ ಒಂದು.”

“ನನ್ನ ಬಂಗಾರದ ಕೂಸು!”

“ನನಗಲ್ಲ ಅದು, ನಿನ್ನ ಕಿಡ್ನಿಗೆ ಅಂದಿದ್ದು. ಗೊತ್ತೈತಿ ನನಗ,” ಎಂದು ಮಗಳು ನಕ್ಕಳು.

ಅದು ಸುಳ್ಳಲ್ಲ. ಇಂಚರಾಗೆ ಹದಿನಾಲ್ಕು ವರ್ಷವಾಗಿದ್ದಾಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಾಕ್ಷಾಯಿಣಿ ತನ್ನದೊಂದನ್ನು ಕೊಟ್ಟಿದ್ದಳು. ಈಗ ಹನ್ನೆರಡು ವರ್ಷವಾಗಿತ್ತು. ಕಿಡ್ನಿ ಕೊಟ್ಟ ದಿನವನ್ನು ಅವರ ಮನೆಯಲ್ಲಿ ಕಿಡ್ನಿಯ ಹುಟ್ಟುಹಬ್ಬವೆಂದು ಹೋಳಿಗೆ ಮಾಡಿ ಆಚರಿಸುತ್ತಿದ್ದರು.

ಮೊದಲ ಎರಡು ವರ್ಷ ತಿಂಗಳಿಗೆರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕಾಗಿತ್ತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ಮಾತ್ರ ಕಿಡ್ನಿಯ ಯೋಗಕ್ಷೇಮ ತಿಳಿಯುತ್ತಿತ್ತು. ಚುಚ್ಚಿ ಚುಚ್ಚಿ ಹುಡುಗಿಯ ಕೈಯಲ್ಲಿ ನರವೇ ಸಿಗದಂತಾಗಿತ್ತು. ಆಗ ಧಾರವಾಡದ ಡಾ. ಶಶಿಕಾಂತ ಹಂಚಿನಮನಿ ಈ ಕನ್ನಡಿಯನ್ನು ಕಂಡುಹಿಡಿದರು. ದೇಹದ ರಕ್ತನಾಳಗಳನ್ನು ಕೊಯ್ಯದೆ ನೋಡಬಹುದಾದ ಜಾಗ ಒಂದೇ, ಕಣ್ಣಿನ ಹಿಂಪರದೆ. ಕಿಡ್ನಿಯೊಳಗಿನ ಸೂಕ್ಷ್ಮ ನಾಳಗಳಿಗೆ ಆಗುವುದೆಲ್ಲ ಅಲ್ಲಿನ ನಾಳಗಳಲ್ಲೂ ಕೂದಲೆಳೆಯಷ್ಟು ಕಾಣುತ್ತದೆ. ಆ ಕೂದಲೆಳೆಯನ್ನು ಓದಿ ಕನ್ನಡಿ ಕ್ರಿಯಾಟಿನಿನ್ನಿನ ಅಂಕಿ ಹೇಳುತ್ತಿತ್ತು. ಅಂಕಿ ತಾನಾಗಿ ಆಸ್ಪತ್ರೆಗೆ ಹೋಗುತ್ತಿತ್ತು, ಗುಳಿಗೆ ಮನೆ ಬಾಗಿಲಿಗೆ ಬರುತ್ತಿತ್ತು. ಮೊದಲ ಕನ್ನಡಿ ಬಂದದ್ದು ಇವರ ಮನೆಗೇ. ಪ್ರತಿ ಆಯುಧಪೂಜೆಗೆ ದಾಕ್ಷಾಯಿಣಿ ಅದರ ಚೌಕಟ್ಟಿಗೆ ಕುಂಕುಮ ಹಚ್ಚುತ್ತಿದ್ದಳು.

ಇಂಚರಾ ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ. ಅವಳದು ಎಂದೂ ವಾಲಿರಲಿಲ್ಲ. ಆದರೆ ಮನೆಯಲ್ಲಿ ಓಡಾಡುವಾಗ ಮಾತ್ರ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿಟ್ಟ ಚಹಾದ ಲೋಟ ಉರುಳಿಸುತ್ತಿದ್ದಳು.

“ಕಣ್ಣು ಎಲ್ಲಿಟ್ಟೀಯೇ? ನೋಡ್ಕೊಂಡು ಅಡ್ಡಾಡಾಕ ಬರಂಗಿಲ್ಲೇನು?” ಎಂದು ದಾಕ್ಷಾಯಿಣಿ ಬೈಯುತ್ತಿದ್ದಳು. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವವಳ ಕಣ್ಣಿಗೆ ಏನಾಗಿರಲು ಸಾಧ್ಯ? ಗಮನವಿಲ್ಲ, ಅಷ್ಟೇ.

ಕನ್ನಡಿಗೆ ಹತ್ತು ವರ್ಷ ತುಂಬಿದ ಸಮಾರಂಭಕ್ಕೆ ಸಂಶೋಧನಾಲಯದವರು ತಾಯಿಮಗಳನ್ನು ಕರೆದರು. ಇಂಚರಾ ತಾನೇ ಹಾಕಿದ ಕಸೂತಿಯ ತೇರನ್ನು ಚೌಕಟ್ಟಿನಲ್ಲಿ ಕೂರಿಸಿ ಒಯ್ದಿದ್ದಳು. ವೇದಿಕೆಯ ಮೇಲೆ ಡಾಕ್ಟರು ಅವಳ ಬಲಕ್ಕೆ ಬಂದು ನಿಂತು, ಕಾಣಿಕೆ ತೆಗೆದುಕೊಳ್ಳಲು ಎರಡೂ ಕೈ ಚಾಚಿದರು. ಅವಳು ಎದುರಿಗೇ ನೋಡುತ್ತ, ಅದನ್ನು ಗಾಳಿಗೆ ಹಿಡಿದು ನಗುತ್ತ ನಿಂತಿದ್ದಳು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ದಾಕ್ಷಾಯಿಣಿಯೂ ತಟ್ಟಿದಳು. ಡಾಕ್ಟರ ಮುಖದ ನಗು ಮಾತ್ರ ನಿಧಾನವಾಗಿ ಇಳಿಯಿತು. ಅವರು ಚಾಚಿದ ಕೈಯನ್ನು ಹಾಗೆಯೇ ಹಿಂದೆ ತಂದರು, ಮತ್ತೆ ಮುಂದೆ ತಂದರು. ಕೈ ಅವಳ ಮೂಗಿನ ನೇರಕ್ಕೆ ಬಂದಾಗ ಅವಳು, “ಅಯ್ಯ, ಇಲ್ಲೇ ಅದೀರಿ!” ಎಂದಳು.

ಅಂದು ಮಧ್ಯಾಹ್ನವೇ ಡಾಕ್ಟರು ದಾಕ್ಷಾಯಿಣಿಯನ್ನು ತಮ್ಮ ಕೋಣೆಗೆ ಕರೆದು, ಕನ್ನಡಿ ತೆಗೆದಿದ್ದ ಇಂಚರಾಳ ಕಣ್ಣಿನ ಹತ್ತು ವರ್ಷದ ಚಿತ್ರಗಳನ್ನು ತೆರೆದರು.

“ದಾಕ್ಷಾಯಿಣಿಯವರ, ಕಿಡ್ನಿ ಉಳೀಲಿ ಅಂತ ಕೊಡೋ ಗುಳಿಗಿ ಕೆಲವರಿಗೆ ಕಣ್ಣಿನ ಒಳಗಿನ ಒತ್ತಡ ಏರಸ್ತಾವ. ನೋವಿಲ್ಲ, ಏನಿಲ್ಲ. ಕಣ್ಣಿಂದ ಮಿದುಳಿಗೆ ಹೋಗೋ ನರ ಅಂಚಿನಿಂದ ಸಾಯ್ತದ. ನಡುವಿನ ನೋಟ ಕಡೀಕ ಹೋಗೋದು. ಅದಕ್ಕ ಆಕೀಗೆ ಎಳಿ ಕಾಣ್ತಾವ, ಬಾಗಿಲ ಕಾಣಂಗಿಲ್ಲ. ಜೋಡೀಲೆ ಪೊರೀನೂ ಬಂದದ.”

“ಇದು ಕನ್ನಡಿಗೆ ಗೊತ್ತಾಗಲಿಲ್ಲೇನ್ರಿ?”

“ಗೊತ್ತಾಗೇದ. ಏಳು ವರ್ಷದಿಂದ ನೋಡೇದ.”

“ಮತ್ತ ನಮಗ್ಯಾಕ ಹೇಳಲಿಲ್ಲ?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೇಳು ಅಂತ ನಾವು ಅದಕ್ಕ ಬರದಿರಲಿಲ್ರಿ. ಪೊರಿ ಮಸುಕು ನಾಳ ಅಳೀಲಿಕ್ಕೆ ಅಡ್ಡ ಬರ್ತಿತ್ತು, ಅದನ್ನ ತಿದ್ದಿ ತಗದಬಿಡು ಅಂತ ಬರದ್ವಿ. ನರದ ಬುಡದಾಗ ಅಳತಿ ತಪ್ಪತಿತ್ತು, ಆ ಜಾಗ ಬಿಟ್ಟು ಅಳತಿ ಮಾಡು ಅಂತ ಬರದ್ವಿ. ದಿನಾ ಬೆಳಿಗ್ಗೆ ಅದು ಮಸುಕು ತಿದ್ದೇದ, ನರ ಬಿಟ್ಟದ, ನಿಮಗ ಹಸಿರು ತೋರಿಸ್ಯದ.”

“ನನ್ನ ಮಗಳ ಕಣ್ಣು ನಿಮಗ ಅಡ್ಡ ಬಂತೇನ್ರಿ?”

ಇನ್ನೂ ಏನೇನೋ ಅನ್ನಬೇಕೆಂದು ದಾಕ್ಷಾಯಿಣಿಯ ನಾಲಗೆಯ ತುದಿಗೆ ಬಂದಿತ್ತು. ಆಗ ಇಂಚರಾಳ ಹತ್ತೊಂಬತ್ತನೆಯ ವರ್ಷದ ಒಂದು ಸಂಜೆ ನೆನಪಾಯಿತು. “ಅವ್ವಾ, ದೀಪದ ಸುತ್ತ ಕಾಮನಬಿಲ್ಲು ಕಾಣತೈತಿ,” ಎಂದಿದ್ದಳು ಹುಡುಗಿ. “ದೇವ್ರು ನಿನಗಷ್ಟ ತೋರಸ್ತಾನ ಬಿಡು,” ಎಂದು ತಾನು ನಕ್ಕು ಕುಕ್ಕರ್ ಇಳಿಸಲು ಹೋಗಿದ್ದಳು. ದಿನಾ ಬೆಳಿಗ್ಗೆ ತಾನೂ ಒಂದೇ ಪ್ರಶ್ನೆ ಕೇಳಿದ್ದಳಲ್ಲವೇ? ಎಷ್ಟ ಬಂತು, ಎಂದು.

ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆದರು. ಹನಿ ಹಾಕಿ ಒತ್ತಡ ಇಳಿಸಿದರು. ಅಲ್ಲಿನ ಹಿರಿಯ ವೈದ್ಯೆ ಮುಚ್ಚುಮರೆ ಮಾಡಲಿಲ್ಲ. “ಇದ್ದದ್ದು ಉಳಸ್ತೀವಿ. ಹೋದದ್ದು ಬರಂಗಿಲ್ಲವ್ವಾ. ಐದಾರು ವರ್ಷದ ಹಿಂದ ಬಂದಿದ್ರ ದಿನಾ ಒಂದು ಹನೀಲೆ ಮುಗೀತಿತ್ತು.”

“ದಿನಾ ಒಂದು ಹನಿ,” ಎಂದು ದಾಕ್ಷಾಯಿಣಿ ತನಗೇ ಹೇಳಿಕೊಂಡಳು.

ಡಾ. ಹಂಚಿನಮನಿ ಕನ್ನಡಿಯ ಬರಹ ಬದಲಿಸಿದರು. ಮಸುಕನ್ನು ತಿದ್ದದೆ ಹೇಳು, ನರವನ್ನು ಬಿಡದೆ ನೋಡು ಎಂದು ಬರೆಯಲು ಅವರ ತಂಡಕ್ಕೆ ಹಿಡಿದದ್ದು ಎರಡೇ ದಿನ. ಮೂರನೆಯ ಬೆಳಿಗ್ಗೆ ರಾಜ್ಯದ ಹನ್ನೊಂದು ಸಾವಿರ ಕನ್ನಡಿಗಳಲ್ಲಿ ಎರಡು ಸಾವಿರ ಕನ್ನಡಿಗಳು ಹಳದಿಯಾದವು. ಆ ಮನೆಗಳಲ್ಲೆಲ್ಲ ಅಷ್ಟು ವರ್ಷ ಹಸಿರೇ ಇತ್ತು.

ಅದೇ ವಾರ ಸಾಸಿವೆ ಡಬ್ಬಿಗೆ ಕೈಹಾಕುವಾಗ ದಾಕ್ಷಾಯಿಣಿಯ ಕಣ್ಣು ಕಪಾಟಿನ ಬಾಗಿಲ ಮೇಲೆ ನಿಂತಿತು. ಕಿಡ್ನಿಯ ಶಸ್ತ್ರಚಿಕಿತ್ಸೆಯಾದ ದಿನ ಆಸ್ಪತ್ರೆಯವರು ಕೊಟ್ಟ ಹಾಳೆ ಅಲ್ಲಿತ್ತು. ಎಣ್ಣೆ, ಅರಿಶಿನ ತಾಗಿ ಬಣ್ಣಗೆಟ್ಟಿತ್ತು. ನೀರು ಕಾಯಿಸಿ ಕುಡಿಯಬೇಕು, ಗುಳಿಗೆ ಹೊತ್ತಿಗೆ ನುಂಗಬೇಕು, ಹಸಿ ಕೋಸಂಬರಿ ಬೇಡ. ಅದರ ಪ್ರತಿ ಸಾಲನ್ನೂ ಅವಳು ಹನ್ನೆರಡು ವರ್ಷ ವ್ರತದಂತೆ ನಡೆಸಿದ್ದಳು. ಹಾಳೆ ಉದ್ದವಾಗಿತ್ತು, ಬಾಗಿಲಿಗೆ ಹೊಂದಲೆಂದು ಅಂದು ಕೆಳಗಿನ ಎರಡು ಬೆರಳಷ್ಟನ್ನು ಹಿಂದಕ್ಕೆ ಮಡಚಿ ಅಂಟಿಸಿದ್ದಳು.

ಉಗುರಿನಿಂದ ಕಿತ್ತು ಬಿಡಿಸಿದಳು. ಮಡಿಕೆಯೊಳಗೆ ಕಾಗದ ಇನ್ನೂ ಬೆಳ್ಳಗಿತ್ತು. ‘ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ. ಚೆನ್ನಾಗಿ ಕಾಣುತ್ತಿದ್ದರೂ ತೋರಿಸಿ.’ ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಮೊದಲ ಮುದ್ರಣ, ೨೦೨೬.

ಆ ಕಾಲಕ್ಕೆ ಈ ಕನ್ನಡಿ ಇರಲಿಲ್ಲ. ಒಂದು ಬೆಳಕು, ಕಣ್ಣಿಗೆ ಎರಡು ಹನಿ, ಅರ್ಧ ಗಂಟೆ ಬಿಡುವಿದ್ದ ಒಬ್ಬ ವೈದ್ಯ ಇದ್ದರೆ ಸಾಕಾಗಿತ್ತು. ಅದು ಆಗಲೂ ಇತ್ತು.

ಈಗ ಬೆಳಿಗ್ಗೆ ಆರೂವರೆಗೆ ಕನ್ನಡಿ ತನ್ನ ಕೆಲಸ ಮುಗಿಸಿದ ಮೇಲೆ ದಾಕ್ಷಾಯಿಣಿ ಒಲೆ ಸಣ್ಣದು ಮಾಡಿ ಬರುತ್ತಾಳೆ. ಮಗಳ ಪಕ್ಕದಲ್ಲಿ, ಕಿವಿಯ ನೇರಕ್ಕೆ ನಿಂತು ತೋರುಬೆರಳು ಎತ್ತುತ್ತಾಳೆ. ಬೆರಳು ನಿಧಾನವಾಗಿ ಮುಂದೆ ಸರಿಯುತ್ತದೆ. ಕೆನ್ನೆಯ ನೇರ, ಕಣ್ಣಿನ ಕೊನೆ.

“ಈಗ?”

“ಇಲ್ಲ.”

“ಈಗ?”

“ಇಲ್ಲವ್ವಾ. ನೀ ಬೈಯೋದಿದ್ರ ಇನ್ಮ್ಯಾಲೆ ಎದುರು ನಿಂತ ಬೈಬೇಕ ನೋಡು.”

ದಾಕ್ಷಾಯಿಣಿ ನಗುವುದಿಲ್ಲ. ನಿನ್ನೆ ಮಗಳು ಎಲ್ಲಿ ‘ಹೂಂ’ ಎಂದಿದ್ದಳೋ ಆ ಜಾಗ ತಾಯಿಯ ಬೆರಳಿಗೆ ಗೊತ್ತಿದೆ. ಬೆರಳು ಅಲ್ಲಿಗೆ ಬಂದು ನಿಲ್ಲುತ್ತದೆ.

“ಈಗ?” ಎನ್ನುತ್ತಾಳೆ, ಉಸಿರು ಹಿಡಿದು.