ನಡುಕುರ್ಚಿಯ ಕಿವಿ

ಸ್ಪೀಕರ್ ನನ್ನ ತಲೆಯ ಮೇಲೆ ಬೀಳುವುದರಲ್ಲಿತ್ತು!

ಎದೆಯೆತ್ತರದ ಮರದ ಪೆಟ್ಟಿಗೆ. ಗ್ಯಾರೇಜಿನ ಅಟ್ಟದ ಅಂಚಿನಲ್ಲಿ ವಾಲುತ್ತಿತ್ತು. ಅದರ ಹಿಂದೆ ಗಾರ್ತ್... ಹೆಬ್ಬಾವಿನಂಥ ತೋಳು, ಹುರಿಗಡಲೆಯಷ್ಟು ಮೆದುಳು.

"ನೋಲಾಳ ಡಬ್ಬ ಕದಿಯೋಕೆ ಬಂದ್ಯಾ ಮರ್ವ್? ತಗೋ, ಇದನ್ನೂ ತಗೊಂಡು ಹೋಗು!"

"ಲೇ ಗೂಬೆ, ನೀನು ತಳ್ತಾ ಇರೋದು ನಿನ್ನದೇ ಮಾಲು ಕಣೋ!"

ಗಾರ್ತ್ ಬಗ್ಗಿ ನೋಡಿದ. ಹೌದು, ಅವನೇ ಆಮದು ಮಾಡಿಕೊಂಡ ಸ್ಪೀಕರ್. ಕೂಸನ್ನು ಅಪ್ಪಿಕೊಂಡಂತೆ ಅಪ್ಪಿಕೊಂಡ.

ನನಗೆ ಅಷ್ಟು ಸಾಕಿತ್ತು. ಓಡಿದೆ!

ನೋಲಾಳ ಸ್ಪೀಕರ್ ಜೋಡಿ ಆಗಲೇ ನನ್ನ ಪಿಕಪ್ಪಿನಲ್ಲಿತ್ತು. ಪೋರ್ಟ್ ಅಡಿಲೇಡಿನ ರಸ್ತೆಯಲ್ಲಿ ಗಾರ್ತನ ವ್ಯಾನು ನನ್ನ ಬಾಲ ಕಚ್ಚಿಕೊಂಡೇ ಬಂತು. ಮುಂದೆ ಬರ್ಕನ್‌ಹೆಡ್ ಸೇತುವೆ. ದೋಣಿಗೆ ದಾರಿ ಬಿಡಲು ಗಂಟೆ ಬಾರಿಸುತ್ತಿತ್ತು. ನಾನು ದಾಟಿದೆ... ಸೇತುವೆ ಎರಡಾಗಿ ಮೇಲೆದ್ದಿತು. ಆಚೆ ದಡದಲ್ಲಿ ಗಾರ್ತ್ ಹಾರ್ನ್ ಒತ್ತುತ್ತಾ ನಿಂತ. ಸೇತುವೆಗೆ ಬೈದು ಗೆದ್ದವರುಂಟೇ?

ನನ್ನ ಕೆಲಸ ಗೊತ್ತಲ್ಲ? ಸಿಕ್ಕಿಬಿದ್ದದ್ದನ್ನು ಬಿಡಿಸಿ ತರುವುದು. ನೋಲಾ ಕ್ರಾಂಟ್ಸ್ ತನ್ನ ಶೆಡ್ಡಿನಲ್ಲಿ ಕೈಯಾರೆ ಸ್ಪೀಕರ್ ಮಾಡುವ ಹೆಂಗಸು. ವಿಮರ್ಶೆಗೆಂದು ಒಂದು ಜೋಡಿಯನ್ನು ಕ್ಲೈವ್ ಹ್ಯಾದರ್ಸೇಜನಿಗೆ ಕಳಿಸಿದ್ದಳು. ಆಡಿಯೋ ಹುಚ್ಚಿನವರಿಗೆ ಅವನ ಮಾತು ವೇದವಾಕ್ಯ. ಅವನು ಬರೆದ: "ಬಾಸ್ ಬರೀ ಕೆಸರು. ಹಾಡುವವಳನ್ನೇ ಮುಳುಗಿಸುತ್ತದೆ." ಬಾಸ್ ಅಂದರೆ ಎದೆಗೆ ಗುದ್ದುವ ಆ ತಗ್ಗುದನಿ.

ಬೇಕು ಎಂದಿದ್ದವರೆಲ್ಲ ಬೇಡ ಎಂದರು. ಅವಳ ಶೆಡ್ಡಿಗೆ ಬೀಗ ಬೀಳುವುದೊಂದು ಬಾಕಿ. ಕ್ಲೈವನ ಹೆಂಡತಿಯ ತಮ್ಮನೇ ಈ ಗಾರ್ತ್. ಕ್ಲೈವ್ ಹೊಗಳುವುದೆಲ್ಲ ಗಾರ್ತ್ ಮಾರುವ ಮಾಲನ್ನೇ. ಎಂಥ ಕಾಕತಾಳೀಯ! ನೋಲಾಳ ಜೋಡಿಯೂ ವಾಪಸ್ ಬರದೆ ಗಾರ್ತನ ಗ್ಯಾರೇಜಿನಲ್ಲೇ ಕೂತಿತ್ತು.

ಶೆಡ್ಡಿನಲ್ಲಿ ನೋಲಾ ಪೆಟ್ಟಿಗೆಯ ಹಿಂದೆ ಬಗ್ಗಿದಳು. ಅಲ್ಲೇ ಕೂತುಬಿಟ್ಟಳು.

"ಮರ್ವ್... ಚೀಲ ಬಿಚ್ಚೇ ಇಲ್ಲ!"

ಟೇಪು ಹಚ್ಚಿ ಅಂಟಿಸಿದ್ದ ಪುಟ್ಟ ಚೀಲ. ಒಳಗೆ ಬೆರಳುದ್ದದ ಹಿತ್ತಾಳೆ ಪಟ್ಟಿಗಳು.

"ಏನಿದು?"

"ಹಿಂದೆ ವೈರ್ ಸಿಕ್ಕಿಸೋಕೆ ಮೇಲೊಂದು ಜೊತೆ, ಬಾಸಿಗೆ ಅಂತ ಕೆಳಗೊಂದು ಜೊತೆ ತಿರುಪು ಇದೆಯಲ್ಲ, ಅದನ್ನ ಸೇರಿಸೋ ಪಟ್ಟಿ. ಸಾಗಿಸುವಾಗ ಬಿದ್ದುಹೋಗದಿರ್ಲಿ ಅಂತ ಬಿಚ್ಚಿಡ್ತೀನಿ. ಹಾಕದೆ ಮೇಲಿನ ತಿರುಪಿಗೆ ವೈರ್ ಕೊಟ್ರೆ ಬಾಸ್ ಉಸಿರೇ ಬಿಡಲ್ಲ! ಇವತ್ತೇ ಊರಿಗೆಲ್ಲ ಹೇಳ್ತೀನಿ..."

"ಸುಮ್ನಿರಮ್ಮ. ಮೇಲಕ್ಕೂ ಕೆಳಕ್ಕೂ ಬೇರೆಬೇರೆ ವೈರ್ ಹಾಕಿದ್ದೆ, ಪಟ್ಟಿ ಬೇಕಿರ್ಲಿಲ್ಲ ಅಂತಾನೆ. ಚೀಲ ಜೇಬಲ್ಲಿಟ್ಕೋ. ಅವನ ಬಾಯಿಂದಾನೇ ಕಕ್ಕಿಸೋಣ."

ಅಂದೇ ಮಧ್ಯಾಹ್ನ, ಹುಲ್ಲಿನ ಮೇಲೆ ಚೆಂಡು ಉರುಳಿಸುವವರ ಬೌಲ್ಸ್ ಕ್ಲಬ್ಬಿನಲ್ಲಿ ಕೇಳುಗರ ಕೂಟ. ಗಾರ್ತನ ಹೊಸ ಮಾಲಿಗೆ ಆರತಿ ಎತ್ತುವ ದಿನ. ಆ ಕೂಟಕ್ಕೊಂದು ಕಟ್ಟಳೆಯಿದೆ. ಎರಡೂ ಸ್ಪೀಕರ್ ಸರಿಸಮ ಕೇಳುವ ನಡುಕುರ್ಚಿ ಕ್ಲೈವನದು. ಅವನು ಬಾಯಿ ಬಿಡುವ ತನಕ ಇನ್ನೊಬ್ಬರು ಕೆಮ್ಮುವಂತಿಲ್ಲ. ಎಲ್ಲರೂ ಕೇಳುವುದು ಹಾಡನ್ನಲ್ಲ, ಅವನ ಮುಖವನ್ನು!

ನಾನು ನೋಲಾಳ ಜೋಡಿಯನ್ನು ಎಲ್ಲರ ಮುಂದೆ ಇಳಿಸಿದೆ.

"ಕ್ಲೈವ್ ಸಾಹೇಬ್ರೇ, ಆ ಕೆಸರು ಎಲ್ಲಿದೆ ಅಂತ ನಮಗೂ ಸ್ವಲ್ಪ ತೋರಿಸಿ."

ಗಾರ್ತ್ ಮುಷ್ಟಿ ಬಿಗಿದು ಬಂದು ನನ್ನ ಕಾಲರ್ ಹಿಡಿದ. "ಹಲ್ಲು ಉದುರಿಸ್ಲಾ?"

"ಉದುರ್ಸು. ನಿನ್ನ ಭಾವ ಹೆದರ್ದ ಅಂತ ಇವರೆಲ್ಲ ತಿಳ್ಕೋತಾರೆ, ಅಷ್ಟೇ."

ಕ್ಲೈವ್ ನಕ್ಕ. "ಬಿಡೋ ಗಾರ್ತ್. ವೈರ್ ಸಿಕ್ಕಿಸು."

ಕ್ಲೈವ್ ಬಗ್ಗುವ ಜಾತಿಯಲ್ಲ. ವೈರಿನ ಕೆಲಸ ಯಾವಾಗಲೂ ಗಾರ್ತನದೇ. ಕೈಗೆ ಮೊದಲು ಸಿಕ್ಕ ಮೇಲಿನ ತಿರುಪಿಗೆ ಸಿಕ್ಕಿಸಿದ. ಹಾಡು ಹೊರಟಿತು... ಬಾವಿಯೊಳಗಿನ ಸೊಳ್ಳೆಯಂತೆ!

ಕ್ಲೈವ್ ಕಣ್ಣು ಮುಚ್ಚಿದ. ಮುಖ ಹಿಂಡಿದ. ಕೈಯೆತ್ತಿದ.

"ಕೇಳಿಸ್ತಾ? ಅದೇ ಬಾಸು... ಭಾರ... ಪಾಪ, ಹುಡುಗಿ ಮುಳುಗೇ ಹೋದ್ಲು."

ಇಡೀ ಕೂಟ ತಲೆದೂಗಿತು. "ಹೌದು ಹೌದು... ತುಂಬಾ ದಪ್ಪ... ಎದೆಗೇ ಗುದ್ದುತ್ತೆ!"

ನೋಲಾ ಎದ್ದಳು. ಚೀಲವನ್ನು ಅವನ ತೊಡೆಯ ಮೇಲೆ ಎಸೆದಳು.

"ಬಾಸ್ ಇಲ್ಲಿದೆ ಕಣಯ್ಯ! ಸ್ಪೀಕರ್‌ಗೆ ಇನ್ನೂ ಸೇರಿಸೇ ಇಲ್ಲ!"

ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆದರೆ ಈ ಜನಕ್ಕೆ ಅದೂ ಕೇಳಿಸುತ್ತಿತ್ತೋ ಇಲ್ಲವೋ!

ಅವಳೇ ಪಟ್ಟಿ ಹಾಕಿದಳು. ಅದೇ ಹಾಡು. ಈ ಸಲ ನೆಲ ನಡುಗಿತು. ಟೀ ಕಪ್ಪುಗಳು ತಟ್ಟೆಯ ಮೇಲೆ ಕುಣಿದವು. ಹಾಡುವವಳು ಮಾತ್ರ ಮುಳುಗಲಿಲ್ಲ. ಎದುರಿಗೇ ಬಂದು ನಿಂತಳು.

ಬಂದರಿನಲ್ಲಿ ಕ್ರೇನ್ ಓಡಿಸಿ ಮುದುಕನಾದ ಕೀತ್ ನಿಟ್ಟುಸಿರಿಟ್ಟ. "ಆಗ ನಂಗೆ ಬಾಸೇ ಕೇಳಿಸ್ಲಿಲ್ಲ ಕಣ್ರೋ. ಕಿವಿ ಹೋಯ್ತು ಅಂತ ಹೆದರಿ ತಲೆ ಆಡಿಸ್ಬಿಟ್ಟೆ."

ಕ್ಲೈವ್ ತೊದಲಿದ. "ಅದು... ಹೊಸ ಸ್ಪೀಕರ್... ಇನ್ನೂ ಪಳಗಿರ್ಲಿಲ್ಲ..."

"ಥೂ!" ಎಂದದ್ದು ನಾನಲ್ಲ, ಗಾರ್ತ್. "ನಿಂಗೆ ಕೇಳೋಕೆ ಬರುತ್ತೆ ಅಂದಿದ್ಯಲ್ಲೋ ಭಾವ!" ಪಾಪ, ಅಷ್ಟು ವರ್ಷ ಅವನೂ ನಂಬಿದ್ದ!

ಮುಂದಿನ ವಾರ ಕ್ಲೈವ್ ನಾಚಿಕೆ ಬಿಟ್ಟು ಮತ್ತೆ ಬರೆದ: "ಚೆನ್ನಾಗಿ ಪಳಗಿದ ಮೇಲೆ ಬಾಸ್ ಹದಕ್ಕೆ ಬಂದಿದೆ. ಅದ್ಭುತ!" ನೋಲಾಳ ಫೋನು ಬಡಿದುಕೊಳ್ಳತೊಡಗಿತು. ಅವಳದು ಎಲ್ಲರಿಗೂ ಒಂದೇ ಉತ್ತರ: "ಅವನು ಬರೆದಿದ್ದನ್ನ ಮರೆತು ಶೆಡ್ಡಿಗೆ ಬನ್ನಿ. ನಿಮ್ಮ ಕಿವಿಯಿಂದ ಕೇಳಿ. ಆಮೇಲೆ ಮಾತು."

ಬರುತ್ತಾರೆ. ಶೆಡ್ಡಿಗೆ ಬೀಗ ಬೀಳಲಿಲ್ಲ.

ಆದರೆ ಬಂದವರು ಹಾಡು ಶುರುವಾಗುವ ಮೊದಲೇ ಸ್ಪೀಕರಿನ ಹಿಂದೆ ಬಗ್ಗಿ, ಪಟ್ಟಿ ಇದೆಯೋ ಇಲ್ಲವೋ ಎಂದು ನೋಡುತ್ತಾರೆ... ಕಿವಿಯನ್ನು ಇವತ್ತಿಗೂ ಒಬ್ಬನೂ ನಂಬಿಲ್ಲ!