ಸಂಜೆ ಏಳರಿಂದ ಒಂಬತ್ತು

"ನನ್ನ ಕರೆಂಟ್ ಕದೀತಿರೋ ಕಳ್ಳ ಇವನೇ!"

ಲಾಂಡ್ರಿ ಒಡತಿಯ ಕೂಗಿಗೆ ಬೀದಿಗೆ ಬೀದಿಯೇ ತಿರುಗಿ ನೋಡಿತು. ಎದುರಿಗೆ ನಿಂತಿದ್ದವನು ಮೀಟರ್ ಎಂಜಿನಿಯರ್. ಹತ್ತು ದಿನದ ಹಿಂದೆ ಅವಳ ಅಂಗಡಿಗೆ ಸ್ಮಾರ್ಟ್ ಮೀಟರ್ ಹಾಕಿದ್ದು ಅವನೇ. ಅಂದಿನಿಂದ ದಿನಾ ಸಂಜೆ ಏಳಕ್ಕೆ ಬಟ್ಟೆ ಒಣಗಿಸುವ ಮೆಷಿನ್ ತಾನಾಗೇ ನಿಂತು, ಒಂಬತ್ತಕ್ಕೆ ತಾನಾಗೇ ಶುರುವಾಗುತ್ತಿತ್ತು. ಒದ್ದೆ ಬಟ್ಟೆ ನೋಡಿ ಗಿರಾಕಿಗಳು ಬೈದು ಹೋಗುತ್ತಿದ್ದರು.

ಅವನು ಚೀಲದಿಂದ ಏನೋ ಹಾಳೆ ತೆಗೆಯಲು ಹೋದ. ಸುತ್ತ ನೆರೆದ ಜನರನ್ನು ನೋಡಿ, ಹಾಗೇ ಒಳಗಿಟ್ಟ.

"ಕ್ಷಮಿಸಿ ಮೇಡಂ..." ಎಂದಷ್ಟೇ ಹೇಳಿ ಹೊರಟ.

ಅವಳು ಅಷ್ಟಕ್ಕೇ ಬಿಡುವವಳೇ? ಅವನ ಆಫೀಸಿಗೆ ದೂರನ್ನೂ ಕೊಟ್ಟಳು!

ಮೂರನೇ ದಿನ ಅವಳ ದೊಡ್ಡಮ್ಮ ಅಂಗಡಿಯ ಡ್ರಾಯರ್‌ನಿಂದ, ಮೀಟರ್ ಹಾಕಿದ ದಿನ ಅವನು ಕೊಟ್ಟುಹೋಗಿದ್ದ ಹಾಳೆ ಎಳೆದು ಓದಿದರು.

"ಊರೆಲ್ಲ ದೀಪ ಹಾಕೋ ಹೊತ್ತಲ್ಲಿ ಕರೆಂಟ್ ಸಾಲಲ್ಲ, ಆಗ ಮೀಟರ್ ಮೂಲಕ ದೊಡ್ಡ ಮೆಷಿನ್ ನಿಲ್ಲಿಸೋಕೆ ಒಪ್ಪಿಗೆ ಅಂತಿದೆ. ಏಳರಿಂದ ಒಂಬತ್ತಕ್ಕೆ ಟಿಕ್ ಹಾಕಿದೆ. ಸಹಿ ನಿಂದೇ ಅಲ್ವೇನೇ?"

ಅವಳದ್ದೇ!

"ಓದ್ದೇ ಹಾಕ್ಬಿಟ್ಟೆ ದೊಡ್ಡಮ್ಮ..."

"ಹಾಳೆ ನೋಡ್ದೆ ಮತ್ತೇನ್ ನೋಡ್ತಿದ್ದೆ?"

ಏನು ನೋಡುತ್ತಿದ್ದಳು! ಮಧ್ಯಾಹ್ನ ಸೋಲಾರ್ ಕರೆಂಟ್ ಧಾರಾಳ, ಆಗಲೇ ಒಣಗಿಸಿಕೊಳ್ಳಿ ಎಂದು ಅವನು ಕೈಯಾಡಿಸಿ ವಿವರಿಸುತ್ತಿದ್ದರೆ, ಇವಳು ಅವನ ಮುಖವನ್ನೇ ನೋಡುತ್ತಾ ಹೂಂ ಹೂಂ ಎಂದಿದ್ದಳು.

'ಛೀ... ಎಲ್ಲರ ಮುಂದೆ ಕಳ್ಳ ಅಂದೆನಲ್ಲ!' ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆಯೇ ಆಫೀಸಿಗೆ ಓಡಿದಳು. ಅವನನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಮೇಲಧಿಕಾರಿ ಸಹಿ ಹಾಕುವುದೊಂದೇ ಬಾಕಿಯಿತ್ತು.

"ತಪ್ಪು ನಂದು ಸಾರ್! ಒಪ್ಕೊಂಡಿದ್ದೂ ನಾನೇ, ಕೂಗಾಡಿದ್ದೂ ನಾನೇ!" ಇಡೀ ಆಫೀಸಿಗೆ ಕೇಳುವಂತೆ ಹೇಳಿದಳು. ಕಿವಿಯೆಲ್ಲ ಬಿಸಿಯಾಗಿತ್ತು.

"ಅಲ್ಲಮ್ಮ, ತಾನೇ ಸರಿಯಾಗಿ ವಿವರಿಸ್ಲಿಲ್ಲ ಅಂತ ಅವ್ನು ಬರ್ಕೊಟ್ಟಿದ್ದಾನಲ್ಲ!" ಎನ್ನುತ್ತಾ ಮೇಲಧಿಕಾರಿ ಅವಳು ತಂದ ಹಾಳೆ ಓದಿದರು. ಆಮೇಲೆ ಕೆಲಸದಿಂದ ತೆಗೆಯುವ ಪತ್ರವನ್ನು ಹರಿದು ಹಾಕಿದರು.

ಅವನು ಮೆಟ್ಟಿಲ ಬಳಿ ಸಿಕ್ಕಿದ. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಆ ಹಾಳೆ ಅವತ್ತೇ ತೋರಿಸ್ಬಹುದಿತ್ತಲ್ಲ?"

"ತೋರಿಸಿದ್ರೆ ಅಷ್ಟು ಜನರ ಮುಂದೆ ನೀವು ಹೀಗೇ ತಲೆ ತಗ್ಗಿಸ್ಬೇಕಾಗ್ತಿತ್ತು... ನಂಗದು ನೋಡೋಕಾಗ್ತಿರ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಅವನು ಚೀಲದಿಂದ ಹೊಸ ಹಾಳೆ ತೆಗೆದು ಚಾಚಿದ.

"ಬೇಕಾದ್ರೆ ಸಮಯ ಬದಲಾಯಿಸ್ಕೊಳ್ಳಿ. ಈ ಸಲ ಓದಿ ಸಹಿ ಹಾಕಿ."

"ಓದ್ತೀನಿ... ಆದ್ರೆ ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ. ಅವತ್ತು ನಿಮ್ಮ ಮುಖ ನೋಡ್ತಾನೇ ಇಷ್ಟೆಲ್ಲ ಎಡವಟ್ಟಾಗಿದ್ದು!"

ಅವನು ಅಲುಗಾಡಲಿಲ್ಲ.

"ತಿರುಗಲ್ಲ. ಎಷ್ಟು ಸಲ ತಪ್ಪಾದ್ರೂ ಹೊಸ ಹಾಳೆ ತರ್ತೀನಿ."